ಪದಚರ್ಚೆ: ‘ಎನ್ಸೆಂಬಲ್ ಡ್ರಾಮಾ’ಕ್ಕೆ ಏನೆನ್ನೋಣ? ‘ನೆರೆಹೊರೆ’ ಜಾಗವೋ ಜನವೋ?

ಪ್ರಶ್ನೆ: ತುಮಕೂರಿನಲ್ಲಿ ನಡೆಯುವ ಚಿತ್ರವೊಂದಕ್ಕೆ ಒಂದು ಪುಟದ ಕಥಾಸಾರ ಬೇಕಾಗಿದೆ. ಮುಖ್ಯ ಪಾತ್ರಗಳು 8, ನಾಯಕ ಅಂತ ಯಾರೂ ಇಲ್ಲ; ಇಂಗ್ಲಿಷಿನಲ್ಲಿ ಇಂಥದಕ್ಕೆ ‘ಎನ್ಸೆಂಬಲ್ ಡ್ರಾಮಾ’ ಅನ್ನುತ್ತಾರೆ. ಇದನ್ನು ‘ಬಹುತಾರಾಗಣದ ಚಿತ್ರ’ ಎನ್ನಬಹುದೆ? ‘ನಗರದ ನೆರೆಹೊರೆಯೊಂದರಲ್ಲಿ ಹೆಣೆದುಕೊಂಡ ಬದುಕುಗಳು’ ಎಂಬ ಸಾಲು ಸರಿಯೆ? ಮಂಡಿಪೇಟೆ, ಎಸ್.ಎಸ್.ಪುರಂ, ಇಲ್ಲವೇ ಯಾವುದಾದರೂ ವಠಾರ, ಎಲ್ಲಿ ಇಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಉತ್ತರ: ‘ಬಹುತಾರಾಗಣ’ ಬೇಡ. ಗಾಂಧಿನಗರದ ಸಿನಿಮಾದವರಲ್ಲಿ ಅದಕ್ಕೆ ಇಬ್ಬರು ಮೂವರು ಸ್ಟಾರ್‌ಗಳು ಒಟ್ಟಿಗಿರುವ ಚಿತ್ರ ಅಂತಲೇ ಅರ್ಥ. ಓದಿದ ನಿರ್ಮಾಪಕರು ಮೊದಲು ಕೇಳುವುದು ‘ಯಾರ್‍ಯಾರು?’ ಎಂದೇ. ‘ಕಥಾಗುಚ್ಛ’ವೂ ಹೊಂದದು. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ (1976) ಮೂರು ಬಿಡಿ ಕತೆಗಳನ್ನು ಒಂದಾದ ಮೇಲೊಂದು ಹೇಳುತ್ತದೆ; ಒಂದು ಕತೆಯ ಆಗುಹೋಗಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಿಮ್ಮದು ರಾಬರ್ಟ್ ಆಲ್ಟ್‌ಮನ್ನರ ‘ನ್ಯಾಶ್‌ವಿಲ್’ (1975) ಜಾತಿಯದು: ಒಂದೇ ಊರು, 24 ಮುಖ್ಯ ಪಾತ್ರಗಳು, ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುತ್ತಲೇ ಇರುತ್ತಾರೆ. ‘ಸಮೂಹಪಾತ್ರ ಚಿತ್ರ’ ಎಂದರೆ ಪಠ್ಯಪುಸ್ತಕದ ವಾಸನೆ ಬಂದರೂ ಅರ್ಥ ಕೆಡುವುದಿಲ್ಲ. ಕಥಾಸಾರಕ್ಕಂತೂ ‘ನಾಯಕನಿಲ್ಲದ, ಎಂಟು ಜನರ ಕತೆ’ ಸಾಕು.

‘ಬದುಕುಗಳು’ ಕಿವಿಗೆ ಒರಟು. ‘ಎಂಟು ಜನರ ಬದುಕು’ ಅನ್ನಿ. ‘ತಳುಕು ಹಾಕಿಕೊಂಡ’ ಅಂತ ತಿದ್ದಲು ಹೋಗಬೇಡಿ, ಪತ್ರಿಕೆಯವರು ಅದನ್ನು ಹಗರಣಗಳಿಗೇ ಮೀಸಲಿಟ್ಟಹಾಗಿದೆ.

‘ನೆರೆಹೊರೆ’ ಜನ, ಜಾಗವಲ್ಲ. ‘ನೆರೆಹೊರೆಯೊಂದರಲ್ಲಿ’ ಎಂಬುದು ಕನ್ನಡವೇ ಅಲ್ಲ. ಜಾಗದ ಪದ ಆರಿಸುವಾಗ ಆತುರ ಬೇಡ, ಪಾತ್ರಗಳು ಹೇಗೆ ಎದುರಾಗುತ್ತವೆ ಎಂಬುದನ್ನೂ ಆ ಪದವೇ ಗೊತ್ತುಮಾಡುತ್ತದೆ. ನಮ್ಮ ಕಡೆ ವಠಾರವೆಂದರೆ ಒಬ್ಬ ಮಾಲೀಕರ ಸಾಲು ಬಾಡಿಗೆ ಮನೆಗಳು, ನಡುವೆ ಒಂದೇ ಅಂಗಳ, ಒಂದೇ ನಲ್ಲಿ. ನೀರು ಬಿಡುವ ಹೊತ್ತಿಗೆ ಎಂಟೂ ಜನ ಕೊಡ ಹಿಡಿದು ಬಂದೇ ಬರುತ್ತಾರೆ. ಮಂಡಿಪೇಟೆ ಸಗಟು ವ್ಯಾಪಾರದ ಜಾಗ. ಅಲ್ಲಿ ಜನ ಸೇರುವುದು ತೂಕ, ಹಮಾಲಿ, ಉದ್ರಿ ಲೆಕ್ಕದ ನೆಪದಲ್ಲಿ. ಜಗಳವೂ ದುಡ್ಡಿನ ಸುತ್ತಲೇ ಹುಟ್ಟಬೇಕು. ಎಸ್.ಎಸ್.ಪುರಂ ಅಂದರೆ ‘ಬಡಾವಣೆ’: ಮನೆಗೊಂದು ಕಾಂಪೌಂಡು, ಅದಕ್ಕೊಂದು ಗೇಟು. ಅಲ್ಲಿ ಎಂಟು ಜನರನ್ನು ಸೇರಿಸಲು ಅಪಘಾತವನ್ನೋ ಕಳ್ಳತನವನ್ನೋ ತಂದು ತುರುಕಬೇಕಾಗುತ್ತದೆ. ಈ ಬಗೆಯ ಚಿತ್ರಕತೆಗಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ.

ಒಂದು ಎಚ್ಚರಿಕೆ. ಕರಾವಳಿಯಲ್ಲಿ ‘ಶಾಲಾ ವಠಾರ’, ‘ದೇವಸ್ಥಾನದ ವಠಾರ’ ಎಂದರೆ ಆವರಣ. ಮಂಗಳೂರಿನವರೂ ಓದುವ ಸಾರವಾದರೆ ‘ಬಾಡಿಗೆ ಮನೆಗಳ ವಠಾರ’ ಎಂದು ಬಿಡಿಸಿ ಬರೆಯಿರಿ. ‘ಓಣಿ’ ಧಾರವಾಡದ ಕಡೆಯ ಮಾತು. ‘ಕೇರಿ’ ಉತ್ತರ ಕನ್ನಡದಲ್ಲಿ ನಿರಪಾಯ, ನಮ್ಮಲ್ಲಿ ಅದರ ಹಿಂದೆ ಜಾತಿ ನಿಂತಿರುತ್ತದೆ. ಕತೆಗೆ ಅದು ಬೇಕಿದ್ದರೆ ಮಾತ್ರ ಬಳಸಿ. ಮಾತುಕತೆಯಲ್ಲಿ ಮಾತ್ರ ಇವು ಯಾವುವೂ ಬೇಡ, ‘ನಿಮ್ದು ಯಾವ ಏರಿಯಾ?’ ಅನ್ನಲಿ.

ಇನ್ನೊಂದು ಉತ್ತರ (ಕೋಲಾರದಿಂದ): ಕೆಜಿಎಫ್‌ನಲ್ಲಿ ವಠಾರ, ಪೇಟೆಗಳ ಜೊತೆಗೆ ‘ಲೈನ್’ ಅಂತ ಒಂದಿದೆ, ಗಣಿ ಕಾರ್ಮಿಕರ ಸಾಲುಮನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಹೆಸರು ಉಳಿದಿದೆ. ಅಂಥ ಕಡೆಯ ಕತೆಯಲ್ಲಿ ‘ಕಾಲೋನಿ’ ಅಂದರೆ ಊರಿನವರು ನಗುತ್ತಾರೆ.

ಇಂಥ ಚಿತ್ರಕ್ಕೆ ಜಾಗದ ಹೆಸರಿಗಿಂತ ದೊಡ್ಡ ತೊಡಕು ಸಂಬೋಧನೆಯದು. ಒಬ್ಬ ಹೆಂಗಸು ಮಾಲೀಕರಿಗೆ ‘ಮೂರನೇ ಮನೆಯವ್ರು’, ಪಕ್ಕದವಳಿಗೆ ‘ಗಿರಿಜಕ್ಕ’, ಹಾಲಿನವನಿಗೆ ‘ಅಮ್ಮಾವ್ರು’. ಅವಳು ಎದುರಿಗಿದ್ದಾಗ ತೊಂದರೆಯಿಲ್ಲ, ಮುಖ ಕಾಣುತ್ತದೆ. ಅವಳಿಲ್ಲದ ದೃಶ್ಯದಲ್ಲಿ ಮಾತು ಬಂದರೆ ಪ್ರೇಕ್ಷಕರು ಮೂವರನ್ನು ಎಣಿಸುತ್ತಾರೆ. ಅವಳು ಕಾಣಿಸಿಕೊಳ್ಳುವ ಮೊದಲ ಎರಡು ಮೂರು ದೃಶ್ಯಗಳಲ್ಲಿ ‘ಗಿರಿಜಕ್ಕ’, ‘ಗಿರಿಜಮ್ಮ’ ಎಂದು ಹೆಸರು ಅಂಟಿಕೊಂಡ ರೂಪವೇ ಬರಲಿ, ಆಮೇಲೆ ಸಡಿಲಿಸಿ. ಮಂಜಣ್ಣ, ಮಂಜುಳ, ಮಂಜು ಮೂವರೂ ಒಂದೇ ಚಿತ್ರದಲ್ಲಿ ಬೇಡ. ಊರಲ್ಲಿ ಹಾಗೇ ಇರುತ್ತಾರೆ, ನಿಜ, ಆದರೂ ಬೇಡ.

ನಮ್ಮ ಜಿಲ್ಲೆಯಲ್ಲಿ ತೆಲುಗು ಮಾತೂ ಬರುತ್ತದಲ್ಲ, ಅದರ ಕನ್ನಡ ಅಡಿಬರಹದಲ್ಲಿ (ಸಬ್‌ಟೈಟಲ್) ‘ವದಿನ’ವನ್ನು ‘ಅಕ್ಕ’ ಮಾಡಿಬಿಡುವವರಿದ್ದಾರೆ. ಅದು ಅತ್ತಿಗೆ. ಹಾಗೆ ಬರೆದರೆ ಯಾರ ಹೆಂಡತಿ, ಯಾರ ತಂಗಿ ಎಂಬ ಸುಳಿವೇ ತಪ್ಪಿಹೋಗುತ್ತದೆ. ಅಡಿಬರಹ ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಡುವುದಕ್ಕಿಂತ ಹೆಚ್ಚಿಡಲು ಹೇಳಿ.