ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗಬಹುದೇ?

ಪ್ರಶ್ನೆ (ವಿದ್ಯಾರ್ಥಿ ಪೈಲಟ್, ಬೆಂಗಳೂರು)

ಜಕ್ಕೂರು ವಿಮಾನನೆಲೆಯಲ್ಲಿ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಮೊದಲ ಸೋಲೋ (ಬೋಧಕರಿಲ್ಲದೆ ಒಂಟಿಯಾಗಿ ಹಾರುವುದು) ಹತ್ತಿರ ಬಂದಿದೆ. ನೆಲ ಬಿಟ್ಟು ನಾಲ್ಕೈದು ನೂರು ಅಡಿ ಏರುವಷ್ಟರಲ್ಲಿ ಎಂಜಿನ್ ನಿಂತರೆ ಮುಂದೆಯೇ ಇಳಿಸಬೇಕು, ಹಿಂದಕ್ಕೆ ತಿರುಗಲೇಬಾರದು ಎಂದು ಬೋಧಕರು ಪದೇ ಪದೇ ಎಚ್ಚರಿಸುತ್ತಾರೆ. ನಿಯಮವನ್ನು ಒಪ್ಪುತ್ತೇನೆ, ಆದರೆ ಕಾರಣ ಮನದಟ್ಟಾಗದ ನಿಯಮ ಗಾಬರಿಯ ಹೊತ್ತಿನಲ್ಲಿ ಮರೆತುಹೋದೀತೆಂಬ ಭಯವಿದೆ. ಅನುಭವವುಳ್ಳವರು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ಹಾರಾಟ ಬೋಧಕ)

ಹಿಂತಿರುಗುವುದೆಂದರೆ 180 ಡಿಗ್ರಿ ತಿರುವು ಎಂದು ಬಹಳ ಮಂದಿ ಎಣಿಸುತ್ತಾರೆ. ಅಷ್ಟೇ ತಿರುಗಿದರೆ ವಿಮಾನವು ರನ್‌ವೇಯ ಪಕ್ಕಕ್ಕೆ ಸರಿದು, ಅದಕ್ಕೆ ಸಮಾನಾಂತರವಾಗಿ ಸಾಗುತ್ತಿರುತ್ತದೆ. ಮಧ್ಯರೇಖೆಗೆ ಬರಲು ಇನ್ನಷ್ಟು ತಿರುಗಿ, ಬಳಿಕ ವಿರುದ್ಧ ದಿಕ್ಕಿಗೆ ತಿರುಗಿ ನೇರ ಮಾಡಿಕೊಳ್ಳಬೇಕು, ಅಷ್ಟೂ ಹೊತ್ತು ಎತ್ತರ ಕಳೆದುಹೋಗುತ್ತಲೇ ಇರುತ್ತದೆ. ಎಂಜಿನ್ ನಿಂತಿದೆ ಎಂದು ನಂಬುವುದಕ್ಕೇ ಕೆಲವು ಸೆಕೆಂಡುಗಳು ಹೋಗುತ್ತವೆ, ಆಗ ವಿಮಾನದ ಮೂಗು ಇನ್ನೂ ಮೇಲಕ್ಕೇ ಇರುವುದರಿಂದ ವೇಗ ಇಳಿದುಬಿಡುತ್ತದೆ. ಆದ್ದರಿಂದ ಮೊದಲ ಕೆಲಸ ಮೂಗು ತಗ್ಗಿಸುವುದು.

ಇದಕ್ಕಿಂತ ದೊಡ್ಡ ಅಪಾಯ ಸ್ಟಾಲ್, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು. ಎತ್ತರ ಬಿಟ್ಟುಕೊಡದೆ 45 ಡಿಗ್ರಿ ಬ್ಯಾಂಕಿನಲ್ಲಿ (ವಿಮಾನವನ್ನು ಪಕ್ಕಕ್ಕೆ ಅಷ್ಟು ವಾಲಿಸಿ) ತಿರುಗಿದರೆ ಸ್ಟಾಲ್ ವೇಗ ಶೇ. 19ರಷ್ಟು, 60 ಡಿಗ್ರಿಯಲ್ಲಿ ಶೇ. 41ರಷ್ಟು ಹೆಚ್ಚುತ್ತದೆ. ನೆಲ ಮೇಲೇರಿ ಬರುತ್ತಿರುವಂತೆ ಕಂಡಾಗ ಪೈಲಟ್ ತಿಳಿಯದೆಯೇ ಕಂಟ್ರೋಲನ್ನು ತನ್ನತ್ತ ಎಳೆಯುತ್ತಾನೆ, ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂಗನ್ನು ರನ್‌ವೇಯ ಕಡೆಗೆ ದೂಡುತ್ತಾನೆ. ಸ್ಪಿನ್ ಆಗಲು, ಅಂದರೆ ವಿಮಾನ ಗಿರಕಿ ಹೊಡೆಯುತ್ತ ಕೆಳಗೆ ಬೀಳಲು, ಇಷ್ಟು ಸಾಕು, ಮತ್ತು ಮುನ್ನೂರು ಅಡಿ ಎತ್ತರದಲ್ಲಿ ಅದರಿಂದ ಹೊರಬರಲು ಅವಕಾಶವೇ ಇಲ್ಲ.

ಗಾಳಿಯ ಲೆಕ್ಕವನ್ನೂ ಮಾಡಿ ನೋಡಿ. 55 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಇಳಿಯುವ ವಿಮಾನ 10 ನಾಟ್ ಎದುರುಗಾಳಿಯಿದ್ದರೆ 45 ನಾಟ್‌ನಲ್ಲಿ ನೆಲ ಮುಟ್ಟುತ್ತದೆ. ಹಿಂತಿರುಗಿದರೆ ಅದೇ ಗಾಳಿ ಬೆನ್ನಿಗೆ ಬಿದ್ದು 65 ನಾಟ್ ಆಗುತ್ತದೆ. ಅಪ್ಪಳಿಸುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಎರಡು ಪಟ್ಟಿಗಿಂತಲೂ ಹೆಚ್ಚು. ವಿಮಾನ ಮುರಿದರೂ ಹಿಡಿತದಲ್ಲಿಟ್ಟುಕೊಂಡು ಇಳಿಸಿದವರು ಬದುಕುಳಿಯುವ ಸಾಧ್ಯತೆ, ಸ್ಪಿನ್ನಿಗೆ ಸಿಕ್ಕವರಿಗಿಂತ ಎಷ್ಟೋ ಪಾಲು ಹೆಚ್ಚು.

ಉತ್ತರ (ಖಾಸಗಿ ಪೈಲಟ್)

ಜಕ್ಕೂರಿಗೆ ಸಂಬಂಧಿಸಿದ ಒಂದು ಮಾತು ಸೇರಿಸುತ್ತೇನೆ. ಆ ನೆಲ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ವಾಯುಯಾನದ ಲೆಕ್ಕದಲ್ಲಿ ಹಿಡಿಯುವ ಪ್ರಮಾಣಿತ ತಾಪಮಾನ 9 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ, ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿಯಂತೆ, ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಿಗೆ ತೆಳುವಾದ ಗಾಳಿಯಲ್ಲಿ ವಿಮಾನಕ್ಕೆ ಅನುಭವವಾಗುವ ಎತ್ತರ) 5,900 ಅಡಿಯ ಹತ್ತಿರ ಬರುತ್ತದೆ. ಆಗ ಏರುವ ವೇಗ ಕುಗ್ಗುತ್ತದೆ. ಸೂಚಿ 65 ನಾಟ್ ತೋರಿಸಿದರೂ ನಿಜವಾದ ವೇಗ 70 ದಾಟಿರುವುದರಿಂದ ತಿರುವು ಇನ್ನೂ ಅಗಲವಾಗುತ್ತದೆ. ಕರಾವಳಿಯಲ್ಲಿ ಕಲಿತವರು ಹೇಳುವ ಎತ್ತರದ ಮಿತಿಯನ್ನು ಇಲ್ಲಿ ಹಾಗೆಯೇ ನಂಬಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆದರೆ ಜಕ್ಕೂರಿನ ಸುತ್ತ ಈಗ ಕಟ್ಟಡಗಳೇ ತುಂಬಿವೆ. ನೇರ ಮುಂದೆ ಜಾಗವೇ ಇಲ್ಲದಿದ್ದರೆ ಏನು ಮಾಡಬೇಕು?

ಉತ್ತರ (ನಿವೃತ್ತ ಹಾರಾಟ ಬೋಧಕ)

ಮುಂದೆ ಎಂದರೆ ಮೂಗಿನ ನೇರಕ್ಕೆ ಎಂದಲ್ಲ, ಎಡಬಲಕ್ಕೆ ಸುಮಾರು 30 ಡಿಗ್ರಿಯೊಳಗೆ ಸಿಗುವ ಜಾಗ. ರನ್‌ವೇಯ ಎರಡೂ ತುದಿಗಳಿಂದ ಯಾವ ಬಯಲು ದಕ್ಕೀತು ಎಂಬುದನ್ನು ಉಪಗ್ರಹ ನಕ್ಷೆಯಲ್ಲಿ ನೋಡಿ, ಬೋಧಕರೊಡನೆ ಈಗಲೇ ಗುರುತಿಸಿಟ್ಟುಕೊಳ್ಳಿ.

ಎಷ್ಟು ಎತ್ತರದ ಮೇಲೆ ಹಿಂತಿರುಗಬಹುದು ಎಂಬುದನ್ನು ಊಹಿಸದೆ ಅಳೆಯಬೇಕು. ಬೋಧಕರ ಜೊತೆಯಲ್ಲಿ, ನೆಲದಿಂದ 3,000 ಅಡಿಗೂ ಮೇಲೆ ಒಂದು ಎತ್ತರವನ್ನೇ ನೆಲವೆಂದು ಭಾವಿಸಿ, ಅಲ್ಲಿಂದ ಏರುವಾಗ ಪವರ್ ತೆಗೆದು, ನಾಲ್ಕು ಸೆಕೆಂಡು ಸುಮ್ಮನಿದ್ದು, ಬಳಿಕ ತಿರುಗಿ ಎಷ್ಟು ಅಡಿ ಹೋಯಿತೆಂದು ಬರೆದುಕೊಳ್ಳಿ. ಐಡಲ್‌ನಲ್ಲಿರುವ (ಪವರ್ ತೆಗೆದರೂ ನಿಧಾನವಾಗಿ ಓಡುತ್ತಿರುವ) ಎಂಜಿನ್ ಸ್ವಲ್ಪ ನೆರವಾಗುತ್ತಲೇ ಇರುತ್ತದೆ, ನಿಂತ ಎಂಜಿನ್ ಹಾಗಲ್ಲ. ಆದ್ದರಿಂದ ಆ ಸಂಖ್ಯೆಗೆ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಿ. ಟೇಕಾಫ್‌ಗೆ ಮುನ್ನ ಅಂದಿನ ಗಾಳಿ, ಆಯ್ದ ಬಯಲು ಮತ್ತು ಈ ಎತ್ತರ, ಮೂರನ್ನೂ ಬಾಯಿಬಿಟ್ಟು ಹೇಳಿರಿ, ಸೋಲೋದಲ್ಲಿ ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.