ಎಲ್4-ಎಲ್5 ಡಿಸ್ಕ್‌ಗೆ ಕೀಹೋಲ್ ಆಪರೇಷನ್: ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಕೇಳಿದವರು, ದಾವಣಗೆರೆ
ಅಣ್ಣನಿಗೆ 41 ವರ್ಷ. ಹಾರ್ಡ್‌ವೇರ್ ಅಂಗಡಿ, ಸಿಮೆಂಟ್ ಮೂಟೆ ಎತ್ತಿ ಇಳಿಸಿದ ಸೊಂಟ. ಬಲಗಾಲಿನಲ್ಲಿ ಕುಂಡಿಯಿಂದ ಹೆಬ್ಬೆರಳವರೆಗೆ ಸೆಳೆತ. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆ ನಡುವಿನ ಮೆತ್ತೆ) ಹೊರಗೆ ಬಂದು ನರ ಒತ್ತುತ್ತಿದೆ ಅಂತ ಎಂಆರ್‌ಐ ರಿಪೋರ್ಟ್. ಎರಡು ತಿಂಗಳಿಂದ ಮಾತ್ರೆ, ಫಿಸಿಯೋ ನಡೀತಿದೆ. ಕೀಹೋಲ್, ಅಂದರೆ ಸಣ್ಣ ಗಾಯದ ಆಪರೇಷನ್ ಆಗಬೇಕಂತೆ. ಒಬ್ಬ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಮಾಡೋಣ ಅಂತಾರೆ, ಇನ್ನೊಬ್ಬರು ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಅಂತಾರೆ. ಅಮ್ಮ ಮಾತ್ರ "ಬೆನ್ನಿಗೆ ಕತ್ತರಿ ಹಾಕಿಸಿಕೊಂಡವರು ಮತ್ತೆ ಎದ್ದಿದ್ದನ್ನ ನಾನು ಕಂಡಿಲ್ಲ" ಅಂತ ಕೂತುಬಿಟ್ಟಿದ್ದಾರೆ. ಯಾವುದು ಒಳ್ಳೆಯದು? ಅಂಗಡಿಗೆ ಯಾವಾಗ ಹೋಗಬಹುದು? ಮನೆಯಲ್ಲಿರೋದು ಇಂಡಿಯನ್ ಟಾಯ್ಲೆಟ್.

ಮೈಸೂರಿನಿಂದ, ಬ್ಯಾಂಕ್ ನೌಕರ
ನನ್ನದೂ ಅದೇ ಜಾಗ, ಎಡಗಾಲು. ಟ್ಯೂಬ್ ಇಳಿಸಿ ಮೈಕ್ರೋಸ್ಕೋಪಿನಲ್ಲಿ ಮಾಡಿದರು. ಅಮ್ಮನ ಭಯ ಸುಳ್ಳಲ್ಲ, ಅವರು ನೋಡಿರೋದು ಹಳೇ ಕಾಲದ ಆಪರೇಷನ್. ಆಗ ಮೂಳೆಯಿಂದ ಸ್ನಾಯುವನ್ನೇ ಬಿಡಿಸಿ ಉದ್ದಕ್ಕೆ ತೆರೆಯುತ್ತಿದ್ದರು, ಆಮೇಲೆ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಸರಿಸಿ, ಸುಮಾರು 2 ಸೆಂಟಿಮೀಟರ್ ಅಗಲದ ಕೊಳವೆ ಇಳಿಸುತ್ತಾರೆ. ಎಂಡೋಸ್ಕೋಪ್ ಆದರೆ ಗಾಯ 1 ಸೆಂಟಿಮೀಟರೂ ಇರಲ್ಲ. ಪಕ್ಕದಿಂದ ಹೋಗುವ ವಿಧಾನದಲ್ಲಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ರೋಗಿ ಎಚ್ಚರವಿರುವಾಗಲೇ ಮಾಡೋದೂ ಉಂಟು. ಒಳಗೆ ನಡೆಯೋ ಕೆಲಸ ಮಾತ್ರ ಎರಡರಲ್ಲೂ ಒಂದೇ: ನರ ಒತ್ತುತ್ತಿರುವ ಚೂರನ್ನು ತೆಗೆಯೋದು. ಇಡೀ ಡಿಸ್ಕ್ ತೆಗೆಯಲ್ಲ, ಸ್ಕ್ರೂ ರಾಡ್ ಹಾಕಲ್ಲ. ಮೊದಲ ಸಲದ ಬರೀ ಡಿಸ್ಕ್ ತೊಂದರೆಗೆ ಯಾರಾದರೂ ಸ್ಕ್ರೂ ಮಾತೆತ್ತಿದರೆ, ಯಾಕೆ ಅಂತ ಕೇಳಿ, ಇನ್ನೊಬ್ಬರ ಅಭಿಪ್ರಾಯವನ್ನೂ ತಗೊಳ್ಳಿ. ಹಾಗಾಗಿ ಯಾವ ಯಂತ್ರ ಅನ್ನೋದಕ್ಕಿಂತ ಆ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಅನ್ನೋದು ಮುಖ್ಯ. ನಾನು ನೇರವಾಗಿ ಕೇಳಿದ್ದೆ, ಬೇಜಾರು ಮಾಡಿಕೊಳ್ಳಲಿಲ್ಲ.

ಕಾಲಿನ ಸೆಳೆತ ಅವತ್ತು ಸಂಜೆಯೇ ಹೋಯಿತು. ಅವತ್ತೇ ವಾರ್ಡಿನಲ್ಲಿ ನಡೆಸಿದರು. ಅಪಾಯ ಶುರುವಾಗೋದೇ ಇಲ್ಲಿಂದ. ಹೊರಗೆ ನಾಲ್ಕು ಹೊಲಿಗೆ, ನೋವಿಲ್ಲ, ಹುಷಾರಾದೆ ಅನ್ನಿಸುತ್ತೆ. ಚೂರು ಹೊರಬಂದ ಡಿಸ್ಕಿನ ತೂತು ಒಳಗೆ ಇನ್ನೂ ಹಸಿಯಾಗೇ ಇರುತ್ತೆ. ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಅದೇ ಡಿಸ್ಕ್ ಮತ್ತೆ ಜಾರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮೊದಲ ಆರು ವಾರ ಬಗ್ಗೋದು, ಎತ್ತೋದು, ಸೊಂಟ ತಿರುಚೋದು ಬಂದ್.

ಇನ್ನೊಂದು ವಿಷಯ. ಈ ಆಪರೇಷನ್ ಕಾಲುನೋವಿಗೆ, ಸೊಂಟನೋವಿಗಲ್ಲ. ಸೊಂಟ ಹಿಡಿಯೋದು ನನಗೆ ಈಗಲೂ ಇದೆ. ಜೋಮು ಹೋಗೋದೂ ನಿಧಾನ. ಹಾಳಾದ ನರದ ಎಳೆ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತಂತೆ. ಸೊಂಟದಿಂದ ಹೆಬ್ಬೆರಳು ಎಷ್ಟು ದೂರ, ನೀವೇ ಲೆಕ್ಕ ಹಾಕಿ. ನಡುವೆ ಒಮ್ಮೆ ಕಾಲು ಮತ್ತೆ ಚುರುಗುಟ್ಟಿ, ಎಲ್ಲ ಮುಗಿಯಿತು ಅಂದುಕೊಂಡೆ. ನರದ ಬಾವು ಅಷ್ಟೇ, ಮಾತ್ರೆಗೆ ಇಳಿಯಿತು.

ಹುಬ್ಬಳ್ಳಿಯಿಂದ
ನಂದು ಬ್ಯಾರೆ ಕಥಿ ಐತ್ರಿ. ಆಪರೇಷನ್ ಇಲ್ಲದ ಆರಾಮ ಆದೆ. ನರದ ಬೇರಿಗೆ ಒಂದು ಇಂಜೆಕ್ಷನ್ ಕೊಟ್ರು, ನೋವು ಅರ್ಧಕ್ಕ ಇಳೀತು, ಉಳಿದದ್ದು ತಾನ ಹೋತು. ಹೊರಗ ಬಂದ ಚೂರು ಎಷ್ಟೋ ಮಂದಿಗೆ ತಾನ ಕರಗತೈತಿ ಅಂತ ನಮ್ಮ ಡಾಕ್ಟರು ಹೇಳಿದ್ರು. ಗಡಿಬಿಡಿ ಮಾಡಬ್ಯಾಡ್ರಿ.

ಫಿಸಿಯೋಥೆರಪಿಸ್ಟ್, ಬೆಂಗಳೂರು
ಹುಬ್ಬಳ್ಳಿಯವರು ಹೇಳಿದ್ದು ಬಹಳ ಜನಕ್ಕೆ ನಿಜ. ನೆದರ್ಲೆಂಡ್ಸ್‌ನಲ್ಲಿ ಇಂಥ 283 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಷನ್ ಆದವರ ಕಾಲುನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95ರಷ್ಟು ಜನ ಚೇತರಿಸಿಕೊಂಡಿದ್ದರು. ಆದರೆ ಕಾದವರ ಗುಂಪಿನಲ್ಲೂ ಶೇ. 39ರಷ್ಟು ಜನ ಆ ವರ್ಷದೊಳಗೆ ಆಪರೇಷನ್ನಿಗೆ ಹೋದರು ಅನ್ನೋದನ್ನ ಮರೆಯಬಾರದು.

ಬರೀ ನೋವಿದ್ದರೆ ಮಾತ್ರ ಕಾಯುವ ಮಾತು. ಶಕ್ತಿ ಕಡಿಮೆಯಾಗುತ್ತಿದ್ದರೆ ಲೆಕ್ಕ ಬೇರೆ. ಎಲ್4-ಎಲ್5ನಲ್ಲಿ ಸಾಮಾನ್ಯವಾಗಿ ಸಿಕ್ಕಿಕೊಳ್ಳೋದು ಎಲ್5 ನರ. ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತುವ ಶಕ್ತಿ ಅದರದ್ದು. ಅಣ್ಣನನ್ನು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಬೀಳದಂತೆ ಪಕ್ಕದಲ್ಲಿರಿ. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಗುದದ್ವಾರದ ಸುತ್ತ ಮತ್ತು ತೊಡೆ ಸಂದಿಯಲ್ಲಿ ಸ್ಪರ್ಶವಿಲ್ಲದಿರುವುದು ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ.

ಶಿವಮೊಗ್ಗದಿಂದ, ಗೃಹಿಣಿ
ನಮ್ಮೆಜಮಾನರಿಗೆ ಎಂಡೋಸ್ಕೋಪಿನಲ್ಲಿ ಆಯಿತು, ಮಾರನೇ ದಿನ ಮನೆಗೆ ಬಂದರು. ಮನೆ ಕಡೆಯ ತಯಾರಿ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ, ಆಪರೇಷನ್ನಿಗೆ ಮೊದಲೇ ಕಮೋಡ್ ಕುರ್ಚಿ ತಂದಿಡಿ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತೆ, ತಿಣುಕಿದರೆ ಸೊಂಟಕ್ಕೆ ಏಟು. ನಾವು ರಾತ್ರಿ ಇಸಬ್ಗೋಲ್, ಪಪ್ಪಾಯಿ ಕೊಡ್ತಿದ್ವಿ. ಚಾಪೆ ಬೇಡ, ಮಂಚ ಇರಲಿ. ಏಳುವಾಗ ಮೈಯನ್ನೆಲ್ಲ ಒಂದೇ ಸಲ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸುತ್ತಾ ಕೈ ಊರಿ ಏಳಬೇಕು. ಸ್ಕೂಟರ್ ಕೀಲಿ ಮಾತ್ರ ನಾನು ಬಚ್ಚಿಟ್ಟಿದ್ದೆ! ನೋಡೋಕೆ ಬಂದ ನೆಂಟರ ಮುಂದೆ ಗಂಟೆಗಟ್ಟಲೆ ಕೂರಿಸಬೇಡಿ. ಮೊದಮೊದಲು ಇಪ್ಪತ್ತು ಮೂವತ್ತು ನಿಮಿಷವೇ ಜಾಸ್ತಿ. ಗಾಯ ಸೋರಿದರೆ, ಜ್ವರ ಬಂದರೆ, ಎದ್ದು ಕೂತಾಗ ತಲೆ ಸಿಡಿದು ಮಲಗಿದರೆ ಕಡಿಮೆಯಾಗುತ್ತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಅಂತ ಡಿಸ್ಚಾರ್ಜ್ ದಿನ ಬರೆದುಕೊಟ್ಟಿದ್ದರು.

ಕೇಳಿದವರು
ಈಗಷ್ಟೇ ನಡೆಸಿ ನೋಡಿದೆವು. ಎಡಗಾಲು ಸರಿಯಾಗಿದೆ. ಬಲಗಾಲು ಹಿಮ್ಮಡಿ ಮೇಲೆ ನಿಲ್ಲಲ್ಲ, ಮುಂಗಾಲು ಕೆಳಗೆ ಬೀಳುತ್ತೆ. ಹೋದ ವಾರದಿಂದ ಬಲಗಾಲಿನ ಚಪ್ಪಲಿ ಜಾರ್ತಿದೆ ಅಂತ ಅಣ್ಣ ಈಗ ಹೇಳ್ತಿದ್ದಾನೆ. ಮೂತ್ರದ ತೊಂದರೆ ಇಲ್ಲ.

ಫಿಸಿಯೋಥೆರಪಿಸ್ಟ್, ಬೆಂಗಳೂರು
ಚಪ್ಪಲಿ ಜಾರೋದು ಪಾದ ಎತ್ತುವ ಶಕ್ತಿ ಕಡಿಮೆಯಾಗಿರೋದರದ್ದೇ ಲಕ್ಷಣ. ಹಾಗಾದರೆ "ಇನ್ನೊಂದು ತಿಂಗಳು ನೋಡೋಣ" ಬೇಡ. ಇವತ್ತೇ ಸರ್ಜನ್‌ಗೆ ಫೋನ್ ಮಾಡಿ ಇದೇ ಮಾತು ಹೇಳಿ. ವ್ಯಾಯಾಮ, ಮಸಾಜು, ಸೊಂಟ ಎಳೆಸೋದು ಎಲ್ಲ ನಿಲ್ಲಿಸಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ತಿಳಿಸಿ. ಬೀಡಿ ಸಿಗರೇಟು ಸೇದುತ್ತಿದ್ದರೆ ಬಿಡಿಸಿ.

ತುಮಕೂರಿನಿಂದ
ದುಡ್ಡಿನ ವಿಷಯ. ಹಲವು ಪಾಲಿಸಿಗಳಲ್ಲಿ ಡಿಸ್ಕ್ ತೊಂದರೆಗೆ ಮೊದಲ 2 ವರ್ಷ ಕ್ಲೇಮ್ ಸಿಗಲ್ಲ, ನಿಮ್ಮದರಲ್ಲಿ ಏನಿದೆ ನೋಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಏನು ಸಿಗುತ್ತೆ ಅಂತ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ.

ಮೈಸೂರಿನಿಂದ, ಬ್ಯಾಂಕ್ ನೌಕರ
ಅಂಗಡಿ ಪ್ರಶ್ನೆ ಉಳಿದೇ ಹೋಯಿತು. ನನ್ನಂಥ ಕುರ್ಚಿ ಕೆಲಸದವರನ್ನು ಕೆಲವೇ ವಾರಕ್ಕೆ ಬಿಡುತ್ತಾರೆ. ಅಣ್ಣನೂ ಗಲ್ಲಾ ಮೇಲೆ ಅರ್ಧ ದಿನ ಕೂರಬಹುದು, ನಡುನಡುವೆ ಎದ್ದು ಓಡಾಡುತ್ತಾ, ಡಾಕ್ಟರು ಸರಿ ಅಂದಮೇಲೆ. ಸಿಮೆಂಟ್ ಮೂಟೆ 50 ಕೆಜಿ. ಅದಕ್ಕೆ ಈಗಲೇ ಒಬ್ಬ ಹುಡುಗನನ್ನು ಗೊತ್ತು ಮಾಡಿ, ಆರು ವಾರಕ್ಕಲ್ಲ, ಕಾಯಂ. ಗಿರಾಕಿ ಅವಸರ ಮಾಡಿದಾಗ ಅಂಗಡಿಯವನ ಕೈ ತಾನಾಗೇ ಮೂಟೆಗೆ ಹೋಗುತ್ತೆ.