‘ದೃಢೀಕರಣ’ ಅಂದರೆ ಒಪ್ಪಿಗೆನಾ, ಪರೀಕ್ಷೆನಾ?

ಎಲ್ಲರಿಗೂ ನಮಸ್ಕಾರ. ವಿಧಿವಿಜ್ಞಾನದಲ್ಲಿ (ಫೊರೆನ್ಸಿಕ್ ಸೈನ್ಸ್, ಅಪರಾಧ ತನಿಖೆಗೆ ಬಳಸುವ ವಿಜ್ಞಾನ) ಸರ್ಕಾರ ಮೊದಲು ಯಾವ ಸಂಶೋಧನೆಗೆ ದುಡ್ಡು ಹಾಕಬೇಕು ಅನ್ನೋದರ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ವ್ಯಾಲಿಡೇಶನ್’ಗೆ, ಅಂದರೆ ಒಂದು ವಿಧಾನವನ್ನು ಎಷ್ಟು ನಂಬಬಹುದು ಅಂತ ಪರೀಕ್ಷಿಸಿ ನೋಡುವುದಕ್ಕೆ, ಸರಿಯಾದ ಪದ ಸಿಗುತ್ತಿಲ್ಲ. (‘ವಿಧಿವಿಜ್ಞಾನ’ದ ತಂಟೆಗೆ ಈಗ ಬೇಡ. ವಿಧಿ ಅಂದರೆ ಹಣೆಬರಹ ಅಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಪೇಪರಿನಲ್ಲಿ ಅದೇ ಕೂತುಬಿಟ್ಟಿದೆ, ರಾಜ್ಯದ ವಿಧಿವಿಜ್ಞಾನ ಲ್ಯಾಬ್ ಇರುವ ಬೆಂಗಳೂರಿನ ಮಡಿವಾಳದಲ್ಲಿ ಯಾರನ್ನು ಕೇಳಿದರೂ ಅದನ್ನು ಎಫ್‌ಎಸ್‌ಎಲ್ ಅಂತಲೇ ಅನ್ನುತ್ತಾರೆ.)

ಸಾಮಾನ್ಯವಾಗಿ ಎಲ್ಲರೂ ಹಾಕುವುದು ‘ದೃಢೀಕರಣ’. ‘ಹೊಸ ತಂತ್ರಗಳ ದೃಢೀಕರಣಕ್ಕೆ ಆದ್ಯತೆ’ ಅಂತ ಬರೆದು ಒಮ್ಮೆ ಓದಿ ನೋಡಿ. ತಂತ್ರ ಸರಿಯಾಗೇ ಇದೆ, ಸರ್ಕಾರ ಮೊಹರು ಒತ್ತೋದು ಮಾತ್ರ ಬಾಕಿ ಅನ್ನೋ ಹಾಗೆ ಕೇಳುತ್ತದೆ. ನಮಗೆಲ್ಲ ದೃಢೀಕರಣ ಅಂದರೆ ಮಾರ್ಕ್ಸ್ ಕಾರ್ಡ್ ಜೆರಾಕ್ಸಿನ ಮೇಲೆ ಗೆಜೆಟೆಡ್ ಅಧಿಕಾರಿಯ ಹಸಿರು ಇಂಕಿನ ಸಹಿ. ಇಲ್ಲಿ ಹೇಳಬೇಕಾಗಿರುವುದು ಪೂರ್ತಿ ಉಲ್ಟಾ: ಈ ವಿಧಾನ ನಿಜವಾಗಿಯೂ ಕೆಲಸ ಮಾಡುತ್ತದಾ, ಎಷ್ಟು ಸಲ ಕೈಕೊಡುತ್ತದೆ, ಮೊದಲು ಅದನ್ನು ನೋಡಿ ಅಂತ. ‘ಸಿಂಧುತ್ವ’ ಹಾಕಿದರೆ ಜಾತಿ ಸಿಂಧುತ್ವ ಪ್ರಮಾಣಪತ್ರದ ಕ್ಯೂ ಕಣ್ಮುಂದೆ ಬರುತ್ತದೆ. ‘ಮಾನ್ಯತೆ’ ಆಗಲ್ಲ, ಅದು ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯವರು ಲ್ಯಾಬಿಗೆ ಕೊಡುವಂಥದ್ದು.

ಬೆಂಗಳೂರಿನವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು. ನಾರ್ಕೋ ಪರೀಕ್ಷೆಗೆ (ಮಂಪರು ಔಷಧಿ ಕೊಟ್ಟು ಆರೋಪಿಯನ್ನು ಪ್ರಶ್ನೆ ಕೇಳುವುದು) ನಮ್ಮೂರು ಒಂದು ಕಾಲದಲ್ಲಿ ದೇಶಕ್ಕೇ ಹೆಸರಾಗಿತ್ತು, ಟಿವಿಯಲ್ಲಿ ಅದರ ತುಣುಕುಗಳು ಬರುತ್ತಿದ್ದವು, ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಮೇಲೆ 2010ರ ಮೇ ತಿಂಗಳಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳುಪತ್ತೆ ಪರೀಕ್ಷೆ), ಬ್ರೇನ್ ಮ್ಯಾಪಿಂಗ್ (ಮಿದುಳಿನ ಅಲೆಗಳನ್ನು ಅಳೆದು ನೋಡುವುದು) ಮಾಡುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ತೀರ್ಪು ನಿಂತಿರುವುದು ಮುಖ್ಯವಾಗಿ ಹಕ್ಕುಗಳ ಮೇಲೆ. ಆದರೆ ಈ ಪರೀಕ್ಷೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಅನ್ನೋದನ್ನೂ ಕೋರ್ಟ್ ಕೆದಕಿ ನೋಡಿತು. ಬಳಸೋಕೆ ಮುಂಚೆ ನಾವು ಕೇಳಬೇಕಿದ್ದ ಪ್ರಶ್ನೆ ಅದು.

ಹಳೇ, ಎಲ್ಲರೂ ನಂಬುವ ವಿಧಾನಕ್ಕೂ ಈ ವ್ಯಾಲಿಡೇಶನ್ ಬೇಕು. ಬೆರಳಚ್ಚನ್ನೇ ತಗೊಳ್ಳಿ (ನಮ್ಮಲ್ಲಿ ಬೆರಳಚ್ಚುಗಾರ ಅಂದರೆ ಟೈಪಿಸ್ಟ್, ಅದು ಬೇರೆ ತಮಾಷೆ). 1897ರಲ್ಲೇ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಶುರುವಾಗಿತ್ತು. ಅಷ್ಟು ಹಳೇ ವಿದ್ಯೆ. ಆದರೂ 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ, ಸಂಬಂಧವೇ ಇಲ್ಲದ ಒಬ್ಬ ವಕೀಲರ ಬೆರಳಚ್ಚು ತಾಳೆಯಾಯಿತು ಅಂತ ಹೇಳಿ ಅವರನ್ನು ಹಿಡಿದು ಕೂರಿಸಿತ್ತು. 2009ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ ಬಂತು. ಗುರುತು ಇಂಥವರದೇ ಅಂತ ಖಚಿತವಾಗಿ ಹೇಳಬಲ್ಲೆವು ಅನ್ನೋದನ್ನು ಡಿಎನ್‌ಎ ಒಂದು ಬಿಟ್ಟು ಬೇರೆ ಯಾವ ವಿಧಾನವೂ ಕಟ್ಟುನಿಟ್ಟಾಗಿ ಸಾಬೀತು ಮಾಡಿಲ್ಲ ಅಂತ ಅದು ನೇರವಾಗಿ ಹೇಳಿತು. 2011ರಲ್ಲಿ 169 ತಜ್ಞರ ಕೈಗೆ ಬೆರಳಚ್ಚು ಕೊಟ್ಟು ನೋಡಿದಾಗ ಬೇರೆ ಬೇರೆಯವರ ಅಚ್ಚನ್ನು ಒಬ್ಬರದೇ ಅಂದಿದ್ದು ಶೇ 0.1, ಒಬ್ಬರದೇ ಆಗಿದ್ದನ್ನು ಅಲ್ಲ ಅಂದಿದ್ದು ಶೇ 7.5. ದೃಢೀಕರಣ ಅಂತ ಬರೆದರೆ ಈ ಅಂಕಿಗಳಿಗೆ ಜಾಗವೇ ಇರುವುದಿಲ್ಲ ನೋಡಿ. ಅಂದಹಾಗೆ ಮೊದಲನೆಯದಕ್ಕೆ ‘ಸುಳ್ಳು ತಾಳೆ’, ಎರಡನೆಯದಕ್ಕೆ ‘ತಪ್ಪಿದ ತಾಳೆ’ ಅಂತ ಬರೆದುಕೊಂಡಿದ್ದೇನೆ. ನಡೆಯುತ್ತದಾ?

ಈಗ ಇದು ಅರ್ಜೆಂಟೂ ಹೌದು. ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಸೆಕ್ಷನ್ 176(3) ಹೇಳುತ್ತದೆ. ಆ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂತು. ತಜ್ಞರ ಈ ನಿಯಮವನ್ನು ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದ ಗಡುವು ಇದೆ. ಅಂದರೆ ಲ್ಯಾಬಿಗೆ ಹೋಗುವ ಮುದ್ದೆಮಾಲು ಇನ್ನೂ ಹೆಚ್ಚುತ್ತದೆ. ಇಂಥ ಹೊತ್ತಲ್ಲಿ ಆದ್ಯತೆ ಅಂದ ಕೂಡಲೇ ಹೊಸ ಮೆಷಿನ್ ಕೊಳ್ಳುವುದು, ಬಾಕಿ ಕೇಸು ಮುಗಿಸುವುದು ಅಂತ ಎಲ್ಲರ ತಲೆಗೆ ಹೊಳೆಯುತ್ತದೆ. ಅವೂ ಬೇಕು, ಆದರೆ ಅದನ್ನು ಸಂಶೋಧನೆ ಅಂತ ಕರೆದು ದುಡ್ಡು ಖಾಲಿ ಮಾಡಬಾರದು ಅನ್ನೋದು ನನ್ನ ವಾದ.

ನನಗೆ ಹೊಳೆದಿದ್ದು ‘ಒರೆಹಚ್ಚುವುದು’. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಾಗ ಅದು ಚೊಕ್ಕವೋ ಕಲಬೆರಕೆಯೋ ಅನ್ನೋದು ಇನ್ನೂ ತೀರ್ಮಾನ ಆಗಿರುವುದಿಲ್ಲ. ಆ ಅನುಮಾನ ಪದದ ಒಳಗೇ ಇದೆ. ‘ಒರೆಹಚ್ಚದ ವಿಧಾನ’, ‘ಒರೆಗೆ ನಿಲ್ಲದ ತಂತ್ರ’ ಅಂತ ಸಲೀಸಾಗಿ ಬರೆಯಬಹುದು. ತೊಂದರೆ ಇರುವುದು ತಲೆಬರಹದಲ್ಲಿ. ‘ಒರೆಹಚ್ಚುವಿಕೆ’ ಉದ್ದವಾಯಿತು. ‘ಒರೆಪರೀಕ್ಷೆ’ ಅಂದರೆ ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ ಅಂತ ಇಲ್ಲೇ ಯಾರಾದರೂ ಕೋಲು ಹಿಡಿದು ಬರುತ್ತೀರಿ, ಗೊತ್ತು. ಕೋರ್ಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ: ತಜ್ಞರನ್ನು ಪಾಟಿ ಸವಾಲು ಮಾಡುವಾಗ ‘ನಿಮ್ಮ ವಿಧಾನವನ್ನು ವ್ಯಾಲಿಡೇಟ್ ಮಾಡಿದ್ದೀರಾ’ ಅಂತ ಕನ್ನಡದಲ್ಲಿ ಕೇಳಬೇಕಾದರೆ ಏನಂತ ಕೇಳುತ್ತೀರಿ?